ನಲ್ಲಿ ಮುಚ್ಚಿದ್ದ ಆ ಭಾನುವಾರ

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ನಾನು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದವನು. ಬದುಕೆಲ್ಲ ಬ್ಯಾಂಕಿನಲ್ಲಿ ಕೂತವನಿಗೆ ಸಹಿ ಇಲ್ಲದ್ದನ್ನು ನಂಬುವ ಅಭ್ಯಾಸ ಇರುವುದಿಲ್ಲ. ಈಗಲೂ ನಂಬಿಕೆ ಬಂದಿದೆ ಎಂದೇನೂ ಹೇಳಲಾರೆ. ಆದರೆ ಐದು ವರ್ಷದ ಹಿಂದೆ ಒಂದು ಭಾನುವಾರ ನಡೆದದ್ದನ್ನು ಹೇಳಬೇಕಾದರೆ ಮೊದಲು ನನ್ನ ಸಣ್ಣತನವನ್ನು ಹೇಳಬೇಕಾಗುತ್ತದೆ. ಇಷ್ಟು ದಿನ ಬಾಯಿ ಬಿಡದಿದ್ದದ್ದು ಅದಕ್ಕೇ.

ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದರು. ನಿವೃತ್ತರಾದ ಮೇಲೆ, ನನಗೆ ಬ್ಯಾಂಕಿನ ಕೆಲಸವಿದ್ದ ನಾಗಪುರದ ಲಕ್ಷ್ಮೀ ನಗರದಲ್ಲಿ ನಮ್ಮೊಂದಿಗೇ ಇದ್ದರು. ಚಿಕ್ಕವನಿದ್ದಾಗ ನಾನು ಅವರ ಪಾನಾ, ಅಂದರೆ ಸ್ಪ್ಯಾನರ್, ಮುಟ್ಟಿದರೆ ಕೈಮೇಲೆ ಒಂದು ಬೀಳುತ್ತಿತ್ತು. “ನೀ ಓದು. ಎಣ್ಣೀ ಕೈ ನನ್ನ ತನಕ ಸಾಕು,” ಎನ್ನುತ್ತಿದ್ದರು. ಓದಿದೆ, ಬ್ಯಾಂಕು ಸೇರಿದೆ. ಅವರಿಗೆ ಹೆಮ್ಮೆ ಇತ್ತೋ ಏನೋ, ನಮ್ಮಿಬ್ಬರಿಗೆ ಮಾತಾಡಲು ಮಾತ್ರ ಒಂದು ವಿಷಯವೂ ಉಳಿಯಲಿಲ್ಲ. ಊಟಕ್ಕೆ ಕೂತಾಗ ‘ಉಪ್ಪು ಕೊಡು’ ಎನ್ನುವುದೇ ನಮ್ಮ ಸಂಭಾಷಣೆ.

ಹೀಗಿರುವಾಗ ಪಕ್ಕದ ಮನೆಗೆ ಬೆಂಗಳೂರಿನಿಂದ ಪ್ರಶಾಂತ್ ಎಂಬ ಯುವ ಡಾಕ್ಟರೊಬ್ಬ ಬಾಡಿಗೆಗೆ ಬಂದ. ಕಳಮನಾ ಮಾರ್ಕೆಟ್ಟಿನ ಹಿಂದೆ ಯಾವುದೋ ಶೆಡ್ಡಿನಲ್ಲಿ, ಕಿತ್ತಳೆಯ ಖಾಲಿ ಪೆಟ್ಟಿಗೆಗಳ ಅಡಿಯಲ್ಲಿ ಸಿಕ್ಕ ಹಳೇ ಡೀಸೆಲ್ ವ್ಯಾನೊಂದನ್ನು ಎಳೆಸಿಕೊಂಡು ಬಂದು ನಮ್ಮ ಗೇಟಿನ ಎದುರು ನಿಲ್ಲಿಸಿದ. ಹಿಂದೆ ಯಾರೋ ವ್ಯಾಪಾರಿ ಅದರೊಳಗೆ ಮಂಚ, ಒಲೆ, ಕಪಾಟು ಹಾಕಿಸಿಕೊಂಡು ಸಂಸಾರ ಸಮೇತ ಯಾತ್ರೆ ಮಾಡುತ್ತಿದ್ದನಂತೆ. ಈಗ ಅದರ ತಳವೆಲ್ಲ ತುಕ್ಕು ಹಿಡಿದು ಉದುರುತ್ತಿತ್ತು. ನಾನು ನಕ್ಕೆ. ಅಪ್ಪ ನಗಲಿಲ್ಲ. ಬಾನೆಟ್ ಎತ್ತಿಸಿ ಒಳಗೆ ಕೈಯಾಡಿಸಿ, “ಇದರ ಜೀವ ಹೋಗಿಲ್ಲೋ ತಮ್ಮಾ, ಉಸಿರು ಕಟ್ಟೇತಿ ಅಷ್ಟ,” ಎಂದರು.

ಅಂದಿನಿಂದ ಹತ್ತು ತಿಂಗಳು ಭಾನುವಾರಗಳೆಲ್ಲ ಪ್ರಶಾಂತನವು. ಮೊಣಕಾಲು ನೋವು ಎಂದು ಹಾಲು ತರಲೂ ಹೋಗದ ಅಪ್ಪ, ಹಳೇ ಖಾಕಿ ಅಂಗಿ ತೊಟ್ಟು ಬೆಳಿಗ್ಗೆ ಏಳಕ್ಕೇ ಗೇಟು ದಾಟುತ್ತಿದ್ದರು. ಪಂಪು ಬಿಚ್ಚಿ ತೊಳೆದರು, ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವುದನ್ನು ಅವನಿಗೆ ಕಲಿಸಿದರು. ಟ್ಯಾಂಕಿನ ಅಡಿಗೆ ಹಿತ್ತಾಳೆಯ ನಲ್ಲಿಯೊಂದನ್ನು ಕೂಡಿಸಿದರು; ಅದರ ಹಿಡಿ ಅಡ್ಡಕ್ಕೆ ತಿರುಗಿಸಿದರೆ ಎಂಜಿನ್ನಿಗೆ ಡೀಸೆಲ್ ಹೋಗುವುದು ನಿಲ್ಲುತ್ತಿತ್ತು. ಎಷ್ಟು ಡೀಸೆಲ್ ಇದೆ ಎಂದು ತೋರಿಸುವ ಮುಳ್ಳು ಕೆಟ್ಟಿತ್ತು, ಅದಕ್ಕೆ ಬಿದಿರು ಕಡ್ಡಿಯೊಂದರ ಮೇಲೆ ಗೀರು ಹಾಕಿ ಅಳತೆಗೋಲು ಮಾಡಿದರು. ಡಾಕ್ಟರು ಡೀಸೆಲ್ ಮೆತ್ತಿಕೊಂಡು ಕೂತು, “ಅಂಕಲ್, ಈಗ ಸರೀನಾ ನೋಡಿ,” ಎಂದರೆ, “ಹಂಗಲ್ಲೋ ಹುಚ್ಚಪ್ಪಾ!” ಎಂದು ಅಪ್ಪ ನಗುವುದು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಆ ನಗು ನನಗೆ ಹೊಸದು.

ನನ್ನ ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಎಂಜಿನ್ ಮೊದಲ ಸಲ ಹತ್ತಿದ ದಿನ. ಅಪ್ಪನ ಹತ್ತಿರ ಶೆಡ್ಡಿನ ಕಾಲದ ಒಂದು ಮೊಳದುದ್ದದ ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರೆ ಒಳಗಿನ ಸದ್ದೆಲ್ಲ ಕೇಳುತ್ತದೆ, ಯಾವ ಭಾಗ ಸವೆದಿದೆ ಎಂದು ತಿಳಿಯುತ್ತದೆ. ನಾನು ಹುಡುಗನಾಗಿದ್ದಾಗ ಒಂದು ಸಲ ಕೇಳಿಸಿ ಎಂದು ಎಷ್ಟು ಕಾಡಿದ್ದೆನೋ, ಕೊಟ್ಟಿರಲಿಲ್ಲ. ಅಂದು ಅಪ್ಪ ಆ ಹಿಡಿಯನ್ನು ತಾವೇ ಪ್ರಶಾಂತನ ಕಿವಿಗೆ ಹಚ್ಚಿ, ಅವನ ತಲೆಯನ್ನು ಅಂಗೈಯಲ್ಲಿ ಹಿಡಿದು, “ಇಲ್ಲೆ ಕೇಳು, ಮಾತಾಡ್ತದ,” ಎಂದರು. ನಾನು ಚಹಾದ ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. ಐವತ್ತೆರಡು ವರ್ಷದ ಗಂಡಸು ಅಳುವಂತಾಗಿದ್ದೆ.

ಜನವರಿಯ ಒಂದು ಭಾನುವಾರ, ಸುಮಾರು ಐವತ್ತು ಕಿಲೋಮೀಟರ್ ದೂರದ ರಾಮಟೇಕಿನ ಬೆಟ್ಟಕ್ಕೆ ಮೊದಲ ಪ್ರಯಾಣವೆಂದು ನಿಗದಿಯಾಯಿತು. ನನ್ನನ್ನೂ ಕರೆದರು. ಬೆಳಿಗ್ಗೆ ಅಪ್ಪ ಕಡ್ಡಿ ಇಳಿಸಿ ನೋಡಿ, “ನಾಲ್ಕು ಗೀರು ಐತಿ, ಆರಾಮ ಹೋಗಿ ಬರಬಹುದು,” ಎಂದು ಸ್ನಾನಕ್ಕೆ ಹೋದರು. ಪ್ರಶಾಂತ್ ಬಟ್ಟೆ ಬದಲಿಸಲು ಹೋದ. ನಾನು ವ್ಯಾನಿನ ಕೆಳಗೆ ತೂರಿ ಆ ಹಿತ್ತಾಳೆಯ ನಲ್ಲಿಯನ್ನು ಅಡ್ಡಕ್ಕೆ ತಿರುಗಿಸಿ ಮುಚ್ಚಿಬಿಟ್ಟೆ.

ಹೌದು, ಬೇಕೆಂದೇ ಮಾಡಿದೆ. ಪೈಪಿನಲ್ಲಿದ್ದಷ್ಟು ಡೀಸೆಲ್ಲಿಗೆ ಗಾಡಿ ಎರಡು ಮೂರು ನಿಮಿಷ ಓಡಿ ನಡುರಸ್ತೆಯಲ್ಲಿ ನಿಲ್ಲಬೇಕು, ಹಿಂದಿನವರು ಹಾರ್ನ್ ಹೊಡೆಯಬೇಕು, ಡಾಕ್ಟರು ಬೆವರಬೇಕು, ಅಪ್ಪ ಅವನಿಗೆ ಬೈಯಬೇಕು. ಇಷ್ಟೇ ನನ್ನ ಆಸೆ. ಮರ್ಯಾದೆ ಹೋಗುವುದು ಅಪ್ಪನ ಕೆಲಸದ್ದೂ ಎಂಬುದು ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ.

ಅವರಿಬ್ಬರು ಮುಂದೆ ಕೂತರು, ನಾನು ಹಿಂದೆ ಮಂಚದ ಮೇಲೆ. ಎಂಜಿನ್ ಒಂದೇ ಏಟಿಗೆ ಹತ್ತಿತು. ಮೂಲೆಯ ಔಷಧಿ ಅಂಗಡಿ ದಾಟಿತು. ಈಗ ನಿಲ್ಲುತ್ತದೆ ಎಂದುಕೊಂಡೆ. ಸಿಗ್ನಲ್ ದಾಟಿತು. ಊರ ಹೊರಗಿನ ಕಾಮ್ಠಿ ಬಂತು, ಹೋಯಿತು. ಹೊರಗೆ ಚಳಿಗಾಳಿ, ಒಳಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅಪ್ಪ ಒಂದೇ ಸಮ ಮಾತಾಡುತ್ತಿದ್ದರು. ನಾನು ಹುಟ್ಟಿದ ದಿನ ಶೆಡ್ಡಿನಿಂದ ರಜೆ ಸಿಗದೆ ಎಣ್ಣೆ ಕೈಯಲ್ಲೇ ಆಸ್ಪತ್ರೆಗೆ ಓಡಿದ ಕಥೆಯನ್ನು ಅವನಿಗೆ ಹೇಳುತ್ತಿದ್ದರು. ನನಗೆ ಯಾವತ್ತೂ ಹೇಳಿರಲಿಲ್ಲ.

ರಾಮಟೇಕಿನ ಬುಡದಲ್ಲಿ ಗಾಡಿ ನಿಂತಾಗ ಕರವಸ್ತ್ರ ಬೀಳಿಸಿದವನಂತೆ ಬಗ್ಗಿ ನೋಡಿದೆ. ನಲ್ಲಿಯ ಹಿಡಿ ಅಡ್ಡಕ್ಕೇ ಇತ್ತು. ಮುಟ್ಟಿ ನೋಡಿದೆ, ಬಿಗಿಯಾಗಿ ಮುಚ್ಚಿತ್ತು. ತೆರೆಯಬೇಕೆನಿಸಿತು, ಕೈ ಬರಲಿಲ್ಲ. ವಾಪಸ್ಸು ಬರುವಾಗಲೂ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಸಂಜೆ ಮನೆ ಮುಟ್ಟಿದ ಮೇಲೆ ಅಪ್ಪ ಅಭ್ಯಾಸದಂತೆ ಕಡ್ಡಿ ಇಳಿಸಿದರು. ಎತ್ತಿ ನೋಡಿದರು. ಅಂಗಿಯ ತುದಿಗೆ ಒರೆಸಿ ಮತ್ತೊಮ್ಮೆ ಇಳಿಸಿದರು. ನಾನು ಅವರ ಹೆಗಲ ಮೇಲಿಂದ ನೋಡುತ್ತಿದ್ದೆ. ನಾಲ್ಕು ಗೀರು.

“ಬರೋಬರ್ ಐತಿ,” ಎಂದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು. ಕತ್ತಲಾಗುವ ಮುಂಚೆ ನಾನು ಕದ್ದು ಹೋಗಿ ನಲ್ಲಿ ತೆರೆದು ಬಂದೆ. ಅವರಿಗೆ ಏನು ಗೊತ್ತಿತ್ತೋ ನಾನು ಕೇಳಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು.

ಪ್ರಶಾಂತ್ ಬೇರೆ ಊರಿಗೆ ಹೋಗುವಾಗ ವ್ಯಾನನ್ನು ನನಗೇ ಬಿಟ್ಟು ಹೋದ. “ಅಂಕಲ್ ಕೈಯಾಡಿದ ಗಾಡಿ ಸಾರ್, ನಿಮ್ಮಲ್ಲೇ ಇರ್ಲಿ,” ಎಂದ. ಸ್ಕ್ರೂಡ್ರೈವರ್ ಬಗ್ಗೆ ಕೇಳಿದೆ. ಅದನ್ನು ಅಪ್ಪನೇ ಅವನಿಗೆ ಕೊಟ್ಟಿದ್ದರಂತೆ. ಅದನ್ನು ಅವನು ತೆಗೆದುಕೊಂಡು ಹೋದ.

ನಾಗಪುರದ ಮಹಾಲ್ ಪೇಟೆಯ ಹಳೇ ಮೆಕ್ಯಾನಿಕ್ಕೊಬ್ಬರಿಗೆ ಈ ವಿಷಯ ಹೇಳಿದಾಗ ನಲ್ಲಿ ಒಳಗೇ ಸೋರಿರಬಹುದು ಎಂದರು. ಬಿಚ್ಚಿಸಿ ತೋರಿಸಿದೆ, ಸೋರುತ್ತಿರಲಿಲ್ಲ. ಸೋರಿದ್ದರೂ ಅಷ್ಟು ದೂರ ಓಡಿ ಬಂದ ಮೇಲೆ ಕಡ್ಡಿ ನಾಲ್ಕು ಗೀರು ತೋರಿಸಬಾರದಿತ್ತು. ಈಗ ಪಾನಾ ಹಿಡಿಯುವುದನ್ನು, ಗಾಳಿ ತೆಗೆಯುವುದನ್ನು ನಾನೇ ಕಲಿತಿದ್ದೇನೆ. ನನ್ನ ಉಗುರಿನಲ್ಲೂ ಎಣ್ಣೆ ನಿಂತಿದೆ. ಕೆಲವು ಭಾನುವಾರ ಹೆಂಡತಿ ಏಳುವ ಮೊದಲು ವ್ಯಾನಿನ ಕೆಳಗೆ ತೂರಿ, ಆ ನಲ್ಲಿಯನ್ನು ಅಡ್ಡಕ್ಕೆ ತಿರುಗಿಸಿ, ಗಾಡಿ ಹೊರಡಿಸುತ್ತೇನೆ. ಅಪ್ಪ ಕೂರುತ್ತಿದ್ದ ಸೀಟಿನ ಕಡೆ ನೋಡದೆ ಸ್ಟೇರಿಂಗ್ ಹಿಡಿಯುತ್ತೇನೆ. ಔಷಧಿ ಅಂಗಡಿಯ ಮುಂದೆ ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತದೆ. ನನಗಾಗಿ ಅದು ಇವತ್ತಿನವರೆಗೂ ಆ ಅಂಗಡಿ ದಾಟಿಲ್ಲ.