ಶುಕ್ರವಾರ ಬಂದ ಸಾಲದವನು

ನನಗಾಗ ಐವತ್ತೆಂಟು. ಈಗ್ಗೆ ಇಪ್ಪತ್ತು ವರ್ಷದ ಮೇಲಾಯಿತು. ಭದ್ರಾವತಿಯಲ್ಲಿ ಕಾರ್ಖಾನೆ ಹುಡುಗರಿಗೆ ಮೆಸ್ ನಡೆಸಿಕೊಂಡು, ಸಾಲ ಮಾಡಿ ಎರಡು ಕೋಣೆಯ ಮನೆ ಕಟ್ಟಿಸಿದ್ದೆ. ಸಾಲ ಕೊಟ್ಟ ಕಂಪನಿಯ ಆಫೀಸು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿತ್ತು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಕಂತು ಕಟ್ಟಿ ಬರುತ್ತಿದ್ದೆ. ಓದು ಎರಡನೇ ಕ್ಲಾಸಿಗೇ ನಿಂತಿದ್ದರೂ ಲೋಕಜ್ಞಾನದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದವಳು ನಾನು.

ಒಂದು ಶುಕ್ರವಾರ ಬೆಳಿಗ್ಗೆ ಟೈ ಕಟ್ಟಿಕೊಂಡವನೊಬ್ಬ ಬಾಗಿಲಿಗೆ ಬಂದ.

"ಅಮ್ಮಾ, ನಿಮ್ ಸಾಲ ನಮ್ ಕಂಪನಿಗೆ ವರ್ಗ ಆಗಿದೆ. ಇನ್ಮೇಲೆ ಕಂತು ನಮಗೇ ಕಟ್ಬೇಕು. ಎರಡೂ ಕಂಪನಿಯಿಂದ ಕಾಗದ ಬಂದಿರ್ಬೇಕಲ್ಲ?"

ಬಂದಿದ್ದವು. ಇಂಗ್ಲಿಷಿನಲ್ಲಿದ್ದವು. ಎಣ್ಣೆ ಹೀರಲಿ ಎಂದು ಬೋಂಡದ ತಟ್ಟೆಗೆ ಹಾಸಿದ್ದೆ.

"ಇವತ್ತೇನು ವಾರ?" ಎಂದೆ.

"ಶುಕ್ರವಾರ."

"ಶುಕ್ರವಾರ ಯಾರಾದ್ರೂ ಮನೆ ಲಕ್ಷ್ಮೀನ ಹೊರಗೆ ಕೊಡ್ತಾರೇನೋ? ನಿಜವಾದ ಕಂಪನಿಯೋನಾಗಿದ್ರೆ ನಿನ್ನೆ ಬರ್ತಿದ್ದೆ. ನಡಿ ಮಾರಾಯ, ನಿನ್ನಂಥ ಕಳ್ಳರನ್ನ ಬೇಕಾದಷ್ಟು ನೋಡಿದೀನಿ."

ಹಳೇ ಆಫೀಸಿನ ಗುಮಾಸ್ತ ಮಂಗಳವಾರ, ಶುಕ್ರವಾರ ನನ್ನನ್ನು ದುಡ್ಡು ಕೇಳಿದವನಲ್ಲ. ಕಳ್ಳನನ್ನು ಗುರುತಿಸಲು ನನಗೆ ಅಷ್ಟೇ ಸಾಕಾಯಿತು. ಪಕ್ಕದ ಮನೆಯ ತಮಿಳು ಹೆಂಗಸಿಗೂ ಅದೇ ಕಂಪನಿಯ ಸಾಲ. ಅವಳ ಮುಂದೆ ಹೋಗಿ ಜಂಬ ಕೊಚ್ಚಿಕೊಂಡೆ. ಅವಳೂ ಅವನನ್ನು ಗೇಟಿನಿಂದಲೇ ಓಡಿಸಿದಳು.

ತಿಂಗಳು ತುಂಬಿತೆಂದು ಸವಳಂಗ ರಸ್ತೆಗೆ ಹೋದರೆ ಆಫೀಸಿನ ಶೆಟರ್ ಎಳೆದಿತ್ತು. ಮೇಲೊಂದು ಚೀಟಿ ಅಂಟಿಸಿದ್ದರು. ಯಾವುದೋ ರಜೆ ಇರಬೇಕೆಂದು, ಯಾರಿಂದಲೂ ಓದಿಸದೆ ವಾಪಸು ಬಂದೆ. ಮುಂದಿನ ತಿಂಗಳೂ ಹಾಗೇ. ಎಂಥ ಸೋಮಾರಿಗಳು ಎಂದು ಅವರನ್ನೇ ಬೈದೆ. ದುಡ್ಡು ಅಕ್ಕಿ ಡಬ್ಬದಲ್ಲಿ ಬೆಚ್ಚಗೆ ಮಲಗಿತ್ತು.

ಆಮೇಲೆ ವಕೀಲರ ನೋಟಿಸು ಬಂತು. ಬಾಕಿ ಕಟ್ಟದಿದ್ದರೆ ಮನೆ ಹೋಗುತ್ತದೆ ಎಂದು ಊಟಕ್ಕೆ ಬಂದಿದ್ದ ಮೇಷ್ಟ್ರು ಓದಿ ಹೇಳಿದರು. ನನ್ನ ಕೈಯಲ್ಲಿನ ಸಾರಿನ ಸೌಟು ಅಲ್ಲೇ ನಿಂತಿತು. ಅವರಿಗೆ ಬಡಿಸುವುದನ್ನೂ ಬಿಟ್ಟು, ಡಬ್ಬದ ದುಡ್ಡು, ಹಳೇ ರಸೀದಿಗಳನ್ನು ತೆಗೆದುಕೊಂಡು ಶಿವಮೊಗ್ಗದಲ್ಲಿದ್ದ ಹೊಸ ಕಂಪನಿಯ ಆಫೀಸಿಗೆ ಓಡಿದೆ. ಎದುರು ಕೂತಿದ್ದವನು ಅದೇ ಟೈಯವನು.

"ಬನ್ನಿ ಅಮ್ಮಾ. ಇವತ್ತು ಬುಧವಾರ. ತಗೋಬಹುದಾ?"

"ತಗೊಳ್ಳೋವಂತೆ. ಮೊದಲು ನನ್ ಮನೆ ಪತ್ರ ಎಲ್ಲಿದೆ ಹೇಳು."

"ನಮ್ಮತ್ರಾನೇ ಬಂದಿದೆ. ಬಡ್ಡಿ, ಅವಧಿ ಏನೂ ಬದಲಾಗಿಲ್ಲ, ಕಟ್ಟೋ ಜಾಗ ಅಷ್ಟೇ ಬೇರೆ. ಬಾಗಿಲಿಗೆ ಬಂದೋನಿಗೆ ದುಡ್ಡು ಕೊಡದೇ ಇದ್ದಿದ್ದು ಸರೀನೇ. ಆದ್ರೆ ಹಳೇ ಆಫೀಸ್ ಮುಚ್ಚೋ ಮುಂಚೆ ಅಲ್ಲಿನೋರನ್ನ ಒಂದು ಮಾತು ಕೇಳ್ಬಾರದಿತ್ತಾ?"

ಕೇಳುವುದೆಂದರೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಅದು ನನ್ನ ಜಾಯಮಾನದಲ್ಲಿಲ್ಲ. ಹಳೇ ರಸೀದಿಗಳನ್ನು ಮೇಜಿನ ಮೇಲೆ ಸುರಿದೆ. ಹಿಂದೆ ಕಟ್ಟಿದ್ದರಲ್ಲಿ ಒಂದು ಕಂತು ಅವರ ಲೆಕ್ಕಕ್ಕೆ ಬಂದೇ ಇರಲಿಲ್ಲ. ಜಗಳವಾಡಿ ಅದನ್ನು ಜಮೆ ಮಾಡಿಸಿದೆ. ತಡ ಮಾಡಿದ್ದಕ್ಕೆ ಹಾಕಿದ ದಂಡವನ್ನು ಮಾತ್ರ ಅವನು ಬಿಡಲಿಲ್ಲ. ಅತಿ ಬುದ್ಧಿವಂತಿಕೆಗೆ ಬಿದ್ದ ಕಂದಾಯ ಎಂದುಕೊಂಡು ಬಾಕಿಯ ಜೊತೆ ಅದನ್ನೂ ಕಟ್ಟಿದೆ.

ಮನೆ ಉಳಿಯಿತು ಎಂದು ಬಸ್ಸಿನಲ್ಲಿ ನಿರಾಳವಾಗಿ ಕೂತಾಗ ಪಕ್ಕದ ಮನೆಯವಳು ನೆನಪಾದಳು. ನನ್ನನ್ನು ನಂಬಿ ಅವಳೂ ಕಂತು ಕಟ್ಟಿರಲಿಲ್ಲ. ಅವತ್ತು ಸಂಜೆ ಅವಳಿಗೆ ಮುಖ ತೋರಿಸಲು ಧೈರ್ಯವಾಗದೆ ದೀಪ ಆರಿಸಿ ಮಲಗಿದೆ.

ಮರುದಿನ ಬೆಳಿಗ್ಗೆ ಅವಳ ಬಾಗಿಲು ಬಡಿದೆ.

"ದುಡ್ಡು, ರಸೀದಿ ತಗೊಂಡು ಹೊರಡೇ ಮಾರಾಯ್ತಿ. ಅವನು ಕಳ್ಳ ಅಲ್ಲ."

"ನೀವೇ ಹೇಳಿದ್ರಲ್ಲ ಅಕ್ಕಾ!"

"ಹೇಳಿದ್ದೆ. ಈಗ ನಡಿ."

ಟಿಕೆಟ್ ನಾನೇ ತೆಗೆಸಿದೆ. ಶಿವಮೊಗ್ಗ ಬರುವವರೆಗೂ ಅವಳು ತಮಿಳಿನಲ್ಲಿ ಬೈದಳು. ಕಿಟಕಿ ಸೀಟನ್ನೂ ಅವಳಿಗೇ ಬಿಟ್ಟುಕೊಟ್ಟು ಬೈಸಿಕೊಂಡೆ.