ಹದಿನಾರು ಸೋಮವಾರದ ನೀರು

2022ನೆಯ ಇಸವಿ. ಕೋವಿಡ್ ಹಾವಳಿ ತಗ್ಗಿ ನಮ್ಮ ಪ್ರಯೋಗಾಲಯದ ಬೀಗ ತೆಗೆದ ಮರುವರ್ಷ. ನಾನಾಗ ಜಮಖಂಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಸಹಪ್ರಾಧ್ಯಾಪಕಿಯಾಗಿದ್ದೆ. ಪಾಠದ ಜೊತೆಗೆ ಒಂದು ಸಂಶೋಧನೆಯ ಹೊಣೆಯೂ ಇತ್ತು. ರಬಕವಿ-ಬನಹಟ್ಟಿ ಸುತ್ತಿನ ಹಳ್ಳ, ಕೆರೆಗಳಲ್ಲಿ ಯಾವ ರಾಸಾಯನಿಕ ಎಷ್ಟು ಸೇರುತ್ತಿದೆ ಎಂದು ಅಳೆಯಬೇಕಿತ್ತು. ಅಲ್ಲಿ ನಾನು ಮಾಡಿದ ತಪ್ಪೊಂದರ ಕಥೆ ಇದು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಒಬ್ಬರ ಮನೆಗೊಬ್ಬರು ಹೋಗಿ ಬರುವವರು, ಮುಂದೆಯೂ ಹೋಗಿ ಬರಬೇಕಾದವರು.

ಅದು ಮಗ್ಗದ ಊರು. ಸೀರೆಗೆ ಬೇಕಾದ ಹತ್ತಿನೂಲಿಗೆ ಬಣ್ಣ ಹಾಕುವ ನಾಲ್ಕು ಶೆಡ್ಡುಗಳು ಹಳ್ಳದ ದಂಡೆಯಲ್ಲಿದ್ದವು. ಬಣ್ಣ ನೂಲಿಗೆ ಕಚ್ಚಿ ನಿಲ್ಲಲು ಹಂಡೆಗೆ ಉಪ್ಪನ್ನೂ ಸೋಡಾವನ್ನೂ ಧಾರಾಳವಾಗಿ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಉಳಿದ ನೀರು ಹಳ್ಳಕ್ಕೆ ಹೋಗುತ್ತದೆ. ಹಳ್ಳದ ಕೆಳಗಿನ ಓಣಿಗೆ ಕುಡಿಯಲು ಇದ್ದದ್ದು ಒಂದೇ ಬಾವಿ. ಅದರ ನೀರು ಉಪ್ಪಾಗಿ ಸವಳಾಗುತ್ತಿದೆ, ನಳದ ನೀರು ಕೊಡಿ, ಬಣ್ಣದ ನೀರು ನಿಲ್ಲಿಸಿ ಎಂದು ಓಣಿಯ ಹೆಂಗಸರು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದರು. ಅವರ ಮುಂದಾಳು ಕಾಶವ್ವ. ವಯಸ್ಸು ಅರವತ್ತರ ಆಸುಪಾಸು, ಎರಡು ಎಮ್ಮೆಗಳ ಒಡತಿ, ಮಾತಿನಲ್ಲಿ ಚಾಟಿ.

ನನ್ನ ಕೆಲಸದ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಅದೇ ಸ್ಥಳ, ಅದೇ ವಾರ, ಅದೇ ಗಂಟೆ. ಆಗ ಮಾತ್ರ ಒಂದು ಮಾದರಿಯನ್ನು ಇನ್ನೊಂದಕ್ಕೆ ಹೋಲಿಸಬಹುದು ಎಂಬುದು ನನ್ನ ನಿಯಮ. ಸೋಮವಾರ ನನಗೆ ಪ್ರಾಯೋಗಿಕ ತರಗತಿಗಳಿರಲಿಲ್ಲ, ಉಪಕರಣಗಳೂ ಬಿಡುವಾಗಿರುತ್ತಿದ್ದವು. ಹೀಗಾಗಿ ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ಹೋಗಿ, ಹನ್ನೊಂದು ಗಂಟೆಗೆ ಸರಿಯಾಗಿ ಹಳ್ಳದ ನೀರನ್ನು ಬಾಟಲಿಗೆ ತುಂಬಿಕೊಂಡು ಬರುತ್ತಿದ್ದೆ. ಪಿಎಚ್ ನೋಡುತ್ತಿದ್ದೆ, ಅಂದರೆ ನೀರು ಹುಳಿಯೋ ಕ್ಷಾರವೋ ಎಂಬುದರ ಅಳತೆ. ಟಿಡಿಎಸ್ ನೋಡುತ್ತಿದ್ದೆ, ಅಂದರೆ ಕರಗಿದ ಲವಣದ ಪ್ರಮಾಣ. ಸಿಒಡಿ ಎಂಬ ಮೂರನೆಯ ಪರೀಕ್ಷೆಯೂ ಇತ್ತು. ನೀರಿನೊಳಗಿನ ಕಲ್ಮಶವನ್ನು ರಾಸಾಯನಿಕವಾಗಿ ಸುಡಲು ಎಷ್ಟು ಆಮ್ಲಜನಕ ಬೇಕೆಂದು ಅದು ತಿಳಿಸುತ್ತದೆ. ಅದು ಏರಿದಷ್ಟೂ ನೀರು ಕೆಟ್ಟಿದೆ ಎಂದರ್ಥ. ಹದಿನಾರು ವಾರ ಮೂರೂ ಮಿತಿಯೊಳಗೇ ಇದ್ದವು. ಬಾವಿ ನನ್ನ ಯೋಜನೆಯ ಪಟ್ಟಿಯಲ್ಲಿರಲಿಲ್ಲ, ಹಾಗಾಗಿ ಅದರೊಳಗೆ ಇಣುಕಿಯೂ ನೋಡಲಿಲ್ಲ. ‘ಹಳ್ಳದ ನೀರಿನಲ್ಲಿ ಆತಂಕಕಾರಿ ಮಾಲಿನ್ಯ ಕಂಡುಬಂದಿಲ್ಲ’ ಎಂದು ವರದಿ ಬರೆದು, ಸಹಿ ಮಾಡಿ, ಪಂಚಾಯಿತಿಗೂ ಒಂದು ಪ್ರತಿ ಕೊಟ್ಟೆ.

ಒಂದು ತಿಂಗಳ ನಂತರ ಮತ್ತೊಂದು ಸೋಮವಾರ ಹೋದಾಗ ಕಾಶವ್ವ ಹಳ್ಳದ ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದಳು. ನನ್ನನ್ನು ಕಂಡು ಸೊಂಟಕ್ಕೆ ಕೈ ಇಟ್ಟು ನಿಂತಳು.

“ನಮ್ಮ ಅರ್ಜಿ ತಿರುಗಿ ಬಂತ್ರಿ, ಅಕ್ಕೋರ. ನೀರು ಛಲೋ ಐತಿ ಅಂತ ನೀವ ಬರದ ಕೊಟ್ಟೀರಂತ. ಆ ಕಾಗದ ಕುಡದ್ರ ನೀರಡಿಕಿ ಹೋಗತೈತೇನ್ರಿ?”

“ಹದಿನಾರು ವಾರ ನೋಡೇನಿ, ಕಾಶವ್ವಾ. ಒಂದು ವಾರಾನೂ ಕೆಟ್ಟ ನೀರು ಸಿಗಲಿಲ್ಲ.”

“ಎಲ್ಲಿಂದ ಸಿಗಬೇಕು? ನೀವು ಬರೂದ ಸೋಮವಾರ! ಸೋಮವಾರ ಬಣ್ಣದ ಹಂಡೆಕ ಯಾರರೆ ಬೆಂಕಿ ಹಾಕ್ತಾರೇನ್ರಿ? ನೀವು ಬರೂ ದಿನಾ ಹಳ್ಳ ಜಳಕಾ ಮಾಡಿ ಮಡಿ ಉಟ್ಟು ಕುಂತಿರತೈತಿ.”

“ಮೊದಲ ಯಾಕ ಹೇಳಲಿಲ್ಲವಾ?” ಎಂದೆ.

“ನೀವು ಕೇಳಿದ್ರೇನು? ಅಕ್ಕೋರು ಹದಿನಾರು ಸೋಮವಾರದ ವ್ರತಾ ಹಿಡದಾರ, ಛಲೋ ಗಂಡ ಸಿಗಲಿ ಅಂತ ನಮ್ಮ ಹಳ್ಳಕ್ಕ ಬರಾಕತ್ತಾರ ಅಂತ ಓಣ್ಯಾಗ ಮಾತಾಡ್ಕೋತಿದ್ವಿ.”

ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ನಕ್ಕರು. ನನ್ನ ಮಗಳು ಆಗಲೇ ಪಿಯುಸಿಯಲ್ಲಿದ್ದಳು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ನಾನು ಮುಧೋಳದ ಕಡೆಯ ರೈತನ ಮಗಳು. ಸೋಮವಾರ ಶಿವನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಎಂಬುದನ್ನು ನೋಡುತ್ತಲೇ ಬೆಳೆದವಳು. ಎತ್ತಿಗೆ ಇರುವ ಬಿಡುವು ಈ ಊರಿನಲ್ಲಿ ಹಂಡೆಗೂ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಹೊಲಗಳಿಂದ ಬಸಿದ ಕಾಲುವೆಯ ನೀರು ರಾತ್ರಿಯಿಡೀ ಹರಿದು ಸೋಮವಾರ ಬೆಳಗಾಗುವಷ್ಟರಲ್ಲಿ ಹಳ್ಳ ತಿಳಿಯಾಗುತ್ತಿತ್ತು. ನಾನು ಶಿಸ್ತೆಂದು ನಂಬಿದ್ದೇ ನನ್ನ ಕಣ್ಣು ಕಟ್ಟಿತ್ತು.

ಮರುದಿನ ರಜೆ ಹಾಕಿ ಹೋದೆ. ದುಂಡಪ್ಪ ಎಂಬುವರ ಶೆಡ್ಡು ಅಲ್ಲಿ ಎಲ್ಲಕ್ಕಿಂತ ದೊಡ್ಡದು. ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಬಸವಣ್ಣನವರ ಪಟ. ಅದರ ಪಕ್ಕದಲ್ಲೇ ಗಾಜು ಹಾಕಿ ತೂಗುಬಿಟ್ಟ ನನ್ನ ವರದಿ.

“ಬರ್ರಿ ಬರ್ರಿ, ಚಹಾ ತಗೋರಿ,” ಎಂದ ದುಂಡಪ್ಪ ಕ್ಯಾಲೆಂಡರಿನತ್ತ ಕಣ್ಣು ಹಾಯಿಸಿ, “ಅಲ್ರಿ, ಇವತ್ತ ಮಂಗಳವಾರ ಅಲ್ಲೇನು?” ಎಂದರು.

“ಹೌದ್ರಿ. ಇನ್ನ ಮುಂದ ಎಲ್ಲಾ ವಾರಾನೂ ಬರ್ತೇನಿ,” ಎಂದೆ.

ದುಂಡಪ್ಪ ಕೆಟ್ಟ ಮನುಷ್ಯರಲ್ಲ. ಇಪ್ಪತ್ತು ಮನೆಗಳು ಅವರ ಶೆಡ್ಡನ್ನು ನಂಬಿದ್ದವು, ಅಪ್ಪನ ಕಾಲದಿಂದ ನಡೆದು ಬಂದಂತೆ ಅವರೂ ನಡೆದಿದ್ದರು. ಅಂದು ನಾಲ್ಕರ ಸುಮಾರಿಗೆ ಹಂಡೆಗಳನ್ನು ಬಗ್ಗಿಸಿದರು. ಕಡುಗೆಂಪು ನೀರು ಹಬೆಯಾಡುತ್ತ ಹಳ್ಳಕ್ಕಿಳಿಯಿತು. ಆ ವಾರ ಶನಿವಾರದವರೆಗೆ ದಿನವೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ತೆಗೆದೆ. ಕೆಳಗಿನ ಬಾವಿಯ ನೀರನ್ನೂ, ಶೆಡ್ಡುಗಳಿಗಿಂತ ಮೇಲಿದ್ದ ಇನ್ನೊಂದು ಬಾವಿಯ ನೀರನ್ನೂ ತೆಗೆದೆ. ಬೆಳಗಿನ ಹಂಡೆಗಳು ಬಗ್ಗಿದ ಮೇಲೂ ಸಂಜೆಯೂ ಹಳ್ಳದ ನೀರು ಮೂರೂ ಪರೀಕ್ಷೆಗಳಲ್ಲಿ ಮಿತಿಯನ್ನು ದಾಟಿತ್ತು. ಕೆಳಗಿನ ಬಾವಿಯ ನೀರು ಉಪ್ಪುಪ್ಪು, ಮೇಲಿನ ಬಾವಿಯದು ಸಿಹಿ. ಬಾವಿಯೊಂದನ್ನು ಮೊದಲೇ ನೋಡಿದ್ದರೆ ಸೋಮವಾರವೂ ಅದು ನನಗೆ ನಿಜ ಹೇಳುತ್ತಿತ್ತು.

ಈಗ ಏನು ಮಾಡಬೇಕು? ಹಿರಿಯ ಸಹೋದ್ಯೋಗಿಯೊಬ್ಬರು ಪ್ರೀತಿಯಿಂದಲೇ ಸಲಹೆ ಕೊಟ್ಟರು: “ಪೂರಕ ವರದಿ ಅಂತ ಇನ್ನೊಂದು ಕೊಟ್ಟ ಬಿಡ್ರಿ. ಮೊದಲಿಂದರ ಸುದ್ದಿ ಎತ್ತಬ್ಯಾಡ್ರಿ. ನಿಮ್ಮ ಹೆಸರು ಕೆಡತೈತಿ.” ನಾನು ಪದವಿ ಓದುವಾಗ ಚರ್ಚಾಕೂಟಗಳಲ್ಲಿ ಪಳಗಿದವಳು. ಎದುರಾಳಿಯ ಮಾತಿನಲ್ಲಿ ಸತ್ಯ ಕಂಡರೂ ನಮ್ಮ ಪಕ್ಷವನ್ನು ಬಿಟ್ಟುಕೊಡಬಾರದೆಂಬುದು ಅಲ್ಲಿಯ ಮೊದಲ ಪಾಠ. ಹಾಗೆ ಗೆದ್ದ ಢಾಲುಗಳು ನನ್ನ ಮನೆಯ ಕಪಾಟಿನಲ್ಲಿ ಈಗಲೂ ಇವೆ. ಆದರೆ ಪೂರಕ ವರದಿ ಕಡತದೊಳಗೆ ಹೋಗಿ ಕೂರುತ್ತದೆ, ಗಾಜು ಹಾಕಿದ ಕಾಗದ ಗೋಡೆಯ ಮೇಲೇ ಉಳಿಯುತ್ತದೆ, ಕಾಶವ್ವನ ಓಣಿ ಉಪ್ಪುನೀರನ್ನೇ ಕುಡಿಯುತ್ತಿರುತ್ತದೆ. ಎಲ್ಲರ ಎದುರು ಮೊದಲಿನ ವರದಿಯನ್ನು ಹಿಂತೆಗೆದುಕೊಳ್ಳುವುದೆಂದು ನಿಶ್ಚಯಿಸಿ, ಸಭೆ ಕರೆಯಲು ಪಂಚಾಯಿತಿಗೆ ಪತ್ರ ಬರೆದೆ.

ಸಭೆಗೆ ದುಂಡಪ್ಪ ಆ ಗಾಜಿನ ಚೌಕಟ್ಟನ್ನೇ ಬಗಲಲ್ಲಿ ಇಟ್ಟುಕೊಂಡು ಬಂದಿದ್ದರು.

“ಇದರಾಗಿನ ಸಹಿ ನಿಮ್ದ ಹೌದಲ್ಲೋ?”

“ನಂದರಿ.”

“ಹಂಗಾರ ಅವತ್ತ ಸುಳ್ಳ ಬರದ್ರೋ, ಇವತ್ತ ಬರದ್ರೋ? ಒಂದು ಹೇಳ್ರಿ.”

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಎದ್ದು ನಿಂತೆ. “ಎರಡೂ ಸುಳ್ಳಲ್ಲ. ಅವತ್ತ ಬರದದ್ದು ಸೋಮವಾರದ ಹಳ್ಳ. ಅದನ್ನ ಏಳೂ ದಿನದ ಹಳ್ಳ ಅಂತ ಸಹಿ ಮಾಡೇನಿ. ಆ ತಪ್ಪು ನಂದು. ಈ ಊರಾಗ ಸೋಮವಾರ ಹಂಡೆ ಹಚ್ಚಂಗಿಲ್ಲ ಅನ್ನೂದು ಸಣ್ಣ ಕೂಸಿಗೂ ಗೊತ್ತೈತಿ, ನನಗ ಗೊತ್ತಿರಲಿಲ್ಲ. ಆ ವರದಿ ಇವತ್ತಿಂದ ನಡಿಯಂಗಿಲ್ಲ.”

ಪಂಚಾಯಿತಿ ಅಧಿಕಾರಿ ಹೊಸ ವರದಿಯನ್ನು ತಿರುವಿ, “ಈ ಭಾಗದ ನೆಲಾನ ಸವಳು ಆಗೈತಲ್ರಿ, ಕಬ್ಬಿಗೆ ನೀರು ಬಿಟ್ಟು ಬಿಟ್ಟು. ಬಾವಿ ಸವಳಾದದ್ದು ಬಣ್ಣದಿಂದನ ಅಂತ ಹೆಂಗ ಹೇಳ್ತೀರಿ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. “ನೆಲದ ಸವಳಾಗಿದ್ರ ಮ್ಯಾಲಿನ ಬಾವಿಗೂ ಬರಬೇಕಿತ್ತು. ಅದರ ನೀರು ಸಿಹಿ ಐತಿ,” ಎಂದು ಎರಡೂ ಬಾವಿಗಳ ಅಂಕಿಗಳನ್ನು ಮುಂದಿಟ್ಟೆ.

ಹಿಂದಿನ ಸಾಲಿನಿಂದ ಕಾಶವ್ವನ ದನಿ ಕೇಳಿತು: “ಮ್ಯಾಲಿನ ಬಾವಿ ನೀರು ಯಾರ ಮನಿಗೆ ಹೋಗತೈತಿ, ಅದನ್ನೂ ಒಂದೀಟ ಕೇಳ್ರಿ ಸಾಹೇಬ್ರ.”

ಇಡೀ ಸಭೆ ದುಂಡಪ್ಪನವರ ಕಡೆ ತಿರುಗಿತು. ಅವರು ತಲೆ ತಗ್ಗಿಸಿ ಚೌಕಟ್ಟಿನ ಗಾಜನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸುತ್ತ ಕೂತರು.

“ಅಕ್ಕೋರು ನಾಕ ಮಂದ್ಯಾಗ ತಪ್ಪು ಒಪ್ಪಿದ್ರು, ದುಂಡಪ್ಪಣ್ಣ. ನಿಂದೇನ ಗಂಟು ಹೋಗತೈತಿ?” ಎಂದಳು ಕಾಶವ್ವ.

“ಹಂಡೆ ಬಂದ್ ಮಾಡಂದ್ರ ಆಗಂಗಿಲ್ಲವಾ,” ಎಂದರು ದುಂಡಪ್ಪ. “ನೀರಿಗೆ ಬ್ಯಾರೆ ದಾರಿ ತೋರಿಸಿದ್ರ ಮಾಡ್ತೇನಿ.”

ದಾರಿ ಹುಡುಕಲು ಒಂದು ವರ್ಷ ಹಿಡಿಯಿತು. ನಾಲ್ಕೂ ಶೆಡ್ಡುಗಳ ನೀರು ಈಗ ಸಿಮೆಂಟಿನ ತೊಟ್ಟಿಗೆ ಬರುತ್ತದೆ. ಅಲ್ಲಿ ಬಣ್ಣ ತಳಕ್ಕಿಳಿಯುತ್ತದೆ, ಉಪ್ಪುನೀರು ಅಗಲವಾದ ಕೊಳದಲ್ಲಿ ಬಿಸಿಲಿಗೆ ಆರುತ್ತದೆ. ಬಾವಿಯ ಕಟ್ಟೆಗೆ ‘ಕುಡಿಯಬಾರದು’ ಎಂಬ ಫಲಕ ಬಿತ್ತು, ಕೆಳಗಿನ ಓಣಿಗೆ ನಳ ಬಂತು. ಬಾವಿ ಇನ್ನೂ ಸಿಹಿಯಾಗಿಲ್ಲ. ನೆಲಕ್ಕೆ ಇಳಿದ ಉಪ್ಪು ಸಭೆಯ ಠರಾವಿಗೆ ಎದ್ದು ಹೋಗುವುದಿಲ್ಲ. ಅದು ಸಿಹಿಯಾಗುವವರೆಗೂ ಅಳೆಯುತ್ತಲೇ ಇರುತ್ತೇನೆ. ಯಾವ ವಾರ ಬರುತ್ತೇನೆಂದು ಯಾರಿಗೂ ಹೇಳುವುದಿಲ್ಲ.

ತೊಟ್ಟಿಗೆ ಮೊದಲು ನೀರು ಬಿಟ್ಟ ದಿನ ದುಂಡಪ್ಪ ಆ ಚೌಕಟ್ಟನ್ನು ನನ್ನ ಕೈಗಿತ್ತು, “ಇದು ನಿಮ್ಮಲ್ಲೇ ಇರಲ್ರಿ,” ಎಂದರು. ಈಗ ಅದು ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿದೆ. ತಪ್ಪು ವರದಿಗೆ ಗಾಜು ಯಾಕೆ ಎಂದು ಹೊಸಬರು ಕೇಳುತ್ತಾರೆ. ಅಳತೆ ಸರಿಯಿದ್ದೂ ಮಾತು ತಪ್ಪಾಗಬಹುದೆಂಬುದನ್ನು ನನಗೆ ಕಲಿಸಿದ್ದು ಅದೇ ಎಂದು ಹೇಳುತ್ತೇನೆ. ಅದರ ಕೆಳಗೆ ಮಾದರಿ ಸಂಗ್ರಹದ ದಾಖಲೆ ಪುಸ್ತಕವಿದೆ. ಸ್ಥಳ, ದಿನ, ಗಂಟೆಗಳಿಗಿಂತ ಮೊದಲಿನ ಅಂಕಣಕ್ಕೆ ನಾನೇ ಗೆರೆ ಎಳೆದಿದ್ದೇನೆ: ‘ದಂಡೆಯ ಜನ ಈ ನೀರಿನ ಬಗ್ಗೆ ಏನು ಹೇಳಿದರು?’ ಆ ಅಂಕಣ ಖಾಲಿಯಿದ್ದರೆ ಉಪಕರಣಗಳ ಕೋಣೆಯ ಕೀಲಿ ಕೊಡುವುದಿಲ್ಲ.