ಶ್ರಾವಣ ಶನಿವಾರದ ಕೆಂಪು ಮೊಟ್ಟೆ

ಮಧುಗಿರಿಯಲ್ಲಿ ನಮ್ಮ ಎದುರು ಮನೆಗೆ ಚೀನಾ ಹಲ್ಲಿನ ಡಾಕ್ಟರೊಬ್ಬರು ಬಾಡಿಗೆಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ಮುಂದಿನ ಕೋಣೆ ದವಾಖಾನೆ, ಹಿಂದೆ ವಾಸ. ಅವರು ಹುಟ್ಟಿ ಬೆಳೆದದ್ದು ಕಲ್ಕತ್ತೆಯಂತೆ. ಹಿಂದಿ, ಉರ್ದು, ಚೂರು ಕನ್ನಡ ಬೆರೆಸಿ ಹೆಂಗೋ ನಿಭಾಯಿಸುತ್ತಿದ್ದರು. ಆಮೇಲೆ ಮದುವೆಯಾಗಿ ಹೆಂಡತಿಯನ್ನು ಕರಕೊಂಡು ಬಂದರು. ಆ ಹುಡುಗಿಗೆ ಮನೆಮಾತು ಬಿಟ್ಟರೆ ಚೂರುಪಾರು ಹಿಂದಿ. ನನಗೆ ಅದೂ ಬರದು.

ನಲ್ಲಿ ಹತ್ತಿರ ಒಂದು ದಿನ ನನ್ನ ಕೊಡ ತೋರಿಸಿ ಹುಬ್ಬು ಹಾರಿಸಿದಳು. "ಕೊಡ" ಅಂದೆ. ಅವಳೂ ಅಂದಳು. ನೀರಿನಲ್ಲಿ ಬೆರಳದ್ದಿ "ಸುಯಿ" ಅಂದಳು. ನಾನೂ ಅಂದೆ. ನನ್ನ ಬಾಯಲ್ಲಿ ಅದು ಏನಾಯಿತೋ, ಹೊಟ್ಟೆ ಹಿಡಕೊಂಡು ನಕ್ಕಳು. ಹಂಗೆ ನಮ್ಮ ಪಾಠ ಶುರುವಾಯಿತು. ಅಕ್ಕಿ ಆರಿಸುತ್ತಾ, ಬಟ್ಟೆ ಒಗೆಯುತ್ತಾ ನಾನೊಂದು ಮಾತು ಕೊಟ್ಟರೆ ಅವಳೊಂದು ಕೊಡುವಳು. ನಾನು ಕಲಿತವು ಸಂಜೆಗೆ ಮರೆತುಹೋಗುತ್ತಿದ್ದವು. ಅವಳದು ಹಂಗಲ್ಲ. ಮಾರನೆ ದಿನ ಸೊಪ್ಪಿನವಳ ಹತ್ತಿರ ಆಡಿಯೇ ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ನಮ್ಮನೆಯಲ್ಲಿ ಮುದ್ದೆ ಉಂಡಳು. ನುಂಗೋದು ಬಿಟ್ಟು ಅಗಿದಳು, ಅಗಿದೇ ಅಗಿದಳು. ಪಕ್ಕದ ಮನೆಯ ಪಾವಗಡದ ಅಜ್ಜಿ ಬಾಗಿಲಲ್ಲೇ ನಿಂತು ನೋಡುತ್ತಿದ್ದವಳು, "ಬುಡೇ, ಹಲ್ಲಿನ ಡಾಕ್ಟ್ರ ಹೆಂಡ್ತಿ ಅಲ್ವಾ, ಅಗೀದೆ ಇನ್ನೇನು ಮಾಡ್ತಾಳೆ! ಗಂಡನ ಕಸುಬು ನಡೀಬೇಡ್ವಾ?" ಅಂದಳು. ಎಲ್ಲಾ ನಕ್ಕರು. ಅರ್ಥವಾಗದಿದ್ದರೂ ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು.

ಅವಳ ಮನೆಯೊಳಗೆ ಕಾಲಿಟ್ಟರೆ ಪರದೇಶಿ ನಾನು. ಹಾಲು ಸಕ್ಕರೆ ಇಲ್ಲದ ಬಿಸಿ ಟೀ, ಪುಟ್ಟ ಬಟ್ಟಲು. ಕೊಟ್ಟಿದ್ದನ್ನು ಉಳಿಸಬಾರದು ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು, ತೀರ್ಥದ ಹಂಗೆ ಕಣ್ಣುಮುಚ್ಚಿ ಕುಡಿದೆ. ಬಟ್ಟಲು ಬರಿದಾದ ಕೂಡಲೇ ಪಾತ್ರೆಯಿಂದ ಬಗ್ಗಿಸಿ ತುಂಬಿದಳು. ಮತ್ತೆ ಕುಡಿದೆ, ಮತ್ತೆ ಬಗ್ಗಿಸಿದಳು. ಅವರಲ್ಲಿ ಬಟ್ಟಲು ಖಾಲಿಯಾದರೆ ಇನ್ನೂ ಬೇಕು ಅಂತಲಂತೆ. ಅವಳ ಗಂಡ ಒಳಗೆ ಬಂದವರು ನನ್ನ ಮುಖ ನೋಡಿ, "ಅಮ್ಮಾ, ಸ್ವಲ್ಪ ಬಿಡಿ, ಇಲ್ಲಾಂದ್ರೆ ರಾತ್ರಿ ತನಕ ಕುಡೀಬೇಕು" ಅಂದರು. ಗೊತ್ತಾದ ಮೇಲೂ ನಾನು ಖಾಲಿ ಮಾಡುತ್ತಲೇ ಇದ್ದೆ. ಅವಳು ಬಗ್ಗಿಸುವಾಗ ಆ ಮುಖ ನೋಡೋಕೆ ಚೆಂದ.

ಅವಳಿಗೆ ಹೆಣ್ಣು ಮಗುವಾಯಿತು. ಕಲ್ಕತ್ತೆಯಿಂದ ತಾಯಿ ಬರೋಕಾಗಲಿಲ್ಲ, ಬಾಣಂತನ ನನ್ನ ಪಾಲಿಗೆ ಬಂತು. ಅದೂ ದೇವರು ಕೊಟ್ಟ ಭಾಗ್ಯವೇ. ಮೆಣಸು ಬೆಳ್ಳುಳ್ಳಿ ಸಾರು, ತಲೆಗೆ ಬಟ್ಟೆ, ಗಾಳಿಗೆ ಬರಬಾರದು ಅನ್ನೋದು, ಎಲ್ಲಾ ಅವರಲ್ಲೂ ಉಂಟಂತೆ. ಸ್ನಾನಕ್ಕೆ ಮಾತ್ರ ಜಗಳ. ತಿಂಗಳು ತುಂಬೋ ತನಕ ತಲೆಗೆ ನೀರು ಸೋಕಬಾರದು ಅಂತ ಅವಳು, ಹಂಡೆ ನೀರು ಹುಯ್ಯದೆ ಬಿಡಲ್ಲ ಅಂತ ನಾನು. ಕೊನೆಗೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿ ಇಬ್ಬರೂ ಗೆದ್ದೆವು.

ಮಗುವಿಗೆ ತಿಂಗಳು ತುಂಬೋದು ಅವರಲ್ಲಿ ದೊಡ್ಡ ಶಾಸ್ತ್ರ. ಆವತ್ತು ಬಂಧುಬಳಗ ಬಂದು ಹರಸಬೇಕು. ಬಳಗವೆಲ್ಲ ದೂರ. ಅದಕ್ಕೆ ಅವಳು ಬೀದಿಯ ಮನೆಗಳನ್ನೆಲ್ಲ ಬೆರಳಿಟ್ಟು ತೋರಿಸಿ, "ಅಕ್ಕ, ಎಲ್ಲಾರೂ ಬರ್ಬೇಕು. ಪಾಪುಗೆ ಒಳ್ಳೇದು ಹೇಳ್ಬೇಕು" ಅಂದಳು. ಅಷ್ಟು ಉದ್ದದ ಕನ್ನಡ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಹಣೆ ಮುಟ್ಟಿ, ಇದು ಬೇಕು ಅಂದಳು. ತೊಟ್ಟಿಲಿಗೆ ಹಚ್ಚೋಕಿರಬೇಕು, ನಮ್ಮ ಶಾಸ್ತ್ರ ಕಲೀತಾ ಇದ್ದಾಳಲ್ಲ ಅಂತ ನನಗೆ ಹಿಗ್ಗು. ಮಾರಮ್ಮನ ಗುಡಿಯಿಂದ ತಂದಿದ್ದ ಕುಂಕುಮವನ್ನೇ ಬಟ್ಟಲು ತುಂಬ ಕೊಟ್ಟೆ.

ತಿಂಗಳು ತುಂಬೋ ಮುಂಚಿನ ದಿನ ಕೊಡಿಗೇನಹಳ್ಳಿಯ ತವರಿಂದ ಕರೆ ಬಂತು, ಮನೆದೇವರ ಪೂಜೆ. ಮಾರನೆ ಬೆಳಗಿನ ಪೂಜೆ ಮುಗಿಸಿಕೊಂಡು ಹೊತ್ತೇರೋದರೊಳಗೆ ಬಂದು ಬೀದಿಯವರನ್ನೆಲ್ಲ ಕರೆದುಬಿಡ್ತೀನಿ ಅಂತ ಹೋದೆ. ಬಸ್ಸು ಪುರವರದ ಹತ್ತಿರ ಕೆಟ್ಟು ನಿಂತಿತು. ನಾನು ಬೀದಿಗೆ ಕಾಲಿಟ್ಟಾಗ ಬಿಸಿಲು ಇಳಿದಿತ್ತು. ಹೆಂಗಸರು ಗುಂಪುಗುಂಪಾಗಿ ನಿಂತಿದ್ದರು.

"ಬಂದೇನವ್ವಾ! ಶ್ರಾವಣ ಶನಿವಾರ ಕಣೇ, ಬಾಗಿಲು ತೆಗೆದ್ರೆ ರಂಗೋಲಿ ಮ್ಯಾಲೆ ಮೊಟ್ಟೆ! ಕುಂಕುಮ ಬಳ್ದು!"

"ಒಬ್ಬರ ಮನೆಗಲ್ಲ, ಬೀದಿಗೇ ಮಡಗವ್ರೆ."

"ದೇವುಡಾ, ಎವರೋ ಮಾಟ ಮಾಡ್ಸವ್ರೆ" ಅಂತ ತೆಲುಗು ಬೆರೆಸಿ ಕೂಗುತ್ತಾ ಪಾವಗಡದ ಅಜ್ಜಿ ಎದೆ ಹಿಡಕೊಂಡಿದ್ದಳು.

ಯಾರೂ ಕೈಯಲ್ಲಿ ಮುಟ್ಟಿರಲಿಲ್ಲ. ಪೊರಕೆಯಲ್ಲಿ ತಳ್ಳಿಕೊಂಡು ಹೋಗಿ ಮೂರುದಾರಿ ಕೂಡುವಲ್ಲಿ ಒಡೆದು, ನಿಂಬೆಹಣ್ಣು ಕೊಯ್ದು ಹಾಕಿ, ಬಾಗಿಲಿಗೆ ಬೇವಿನಸೊಪ್ಪು ಕಟ್ಟಿದ್ದರು. ಆ ಕುಂಕುಮದ ಬಣ್ಣ ನೋಡಿದೆ. ನಾನೇ ಕೊಟ್ಟದ್ದು.

ಎದುರು ಮನೆಗೆ ಓಡಿದೆ. ಗೋಡೆಗುಂಟ ದವಾಖಾನೆಯ ಕುರ್ಚಿಗಳು, ಸಾಲಾಗಿ ಪುಟ್ಟ ಬಟ್ಟಲುಗಳು, ಮಗುವಿಗೆ ಕೆಂಪು ಅಂಗಿ. ಡಾಕ್ಟರು ಕಿಟಕಿ ಕಡೆ ಮುಖ ಮಾಡಿ ನಿಂತೇ ಹೇಳಿದರು. ಕೆಂಪು ಮೊಟ್ಟೆ ಅವರಲ್ಲಿ ಶುಭವಂತೆ, ಅದು ತಲುಪಿದ ಮನೆಯವರು ಬಂದು ಮಗುವನ್ನು ಹರಸಬೇಕಂತೆ. ತಿಂಗಳಾದ ಮೇಲೆ ಆವತ್ತೇ ಮೊದಲು ಅವಳು ಹೊಸ್ತಿಲು ದಾಟಿದ್ದು. ಬೆಳಗಾಗೋ ಹೊತ್ತಿಗೆ, ಬಾಗಿಲುಗಳು ಇನ್ನೂ ಮುಚ್ಚಿದ್ದವು ಅಂತ, ಹಿಂದಿನ ದಿನ ಶುಭಕ್ಕೆ ಬಿಟ್ಟಿದ್ದ ರಂಗೋಲಿ ಮೇಲೆ ಒಂದೊಂದನ್ನೇ ಇಟ್ಟು ಬಂದಿದ್ದಳು.

"ಅಕ್ಕ, ಯಾಕೆ?" ಅಂದಳು. ಪೊರಕೆ ನೋಡಿದ್ದಳು.

ಮಾಟ ಅನ್ನೋದಕ್ಕೆ ಅವಳ ಭಾಷೆಯಲ್ಲಿ ನನಗೆ ಮಾತಿರಲಿಲ್ಲ. ಇದ್ದಿದ್ದರೂ ತಿಂಗಳ ಬಾಣಂತಿಗೆ ಹೇಳುತ್ತಿರಲಿಲ್ಲ. "ಶ್ರಾವಣ. ಈ ತಿಂಗಳು ನಾವು ಮೊಟ್ಟೆ ಮುಟ್ಟಲ್ಲ, ಅದಕ್ಕೆ" ಅಂದೆ. ಅದೂ ಸುಳ್ಳಲ್ಲ. ತಲೆಯಾಡಿಸಿದಳು. ನಾನು ಮಗುವಿನ ಹಣೆಗೆ ಬೊಟ್ಟಿಟ್ಟು, ನೂರು ವರ್ಷ ಬಾಳವ್ವಾ ಅಂದೆ. ಒಬ್ಬಳೇ ಅಂದೆ.

ಬೀದಿಯವರಿಗೆ ತಿಳಿಸಿ ಹೇಳಿದ ಮೇಲೆ ಅಯ್ಯೋ ಅಂದರು. "ನಮಗೇನು ಗೊತ್ತಮ್ಮ, ಅಂಗೆ ಬಾಗಿಲಿಗೆ ಮಡಗಿದ್ರೆ?" ಅಂದರು. ಮಾರನೆ ದಿನ ಅಜ್ಜಿ ಅರಿಸಿನ ಕುಂಕುಮ, ಒಂದು ಬಟ್ಟೆತುಂಡು ಹಿಡಿದು ಹೋದಳು. ಇನ್ನಿಬ್ಬರೂ ಹೋದರು. ಕೆಟ್ಟವರಲ್ಲ ನಮ್ಮ ಬೀದಿಯವರು. ಅವಳು ಎಲ್ಲರಿಗೂ ಟೀ ಕೊಟ್ಟಳಂತೆ. ಆದರೆ ಶಾಸ್ತ್ರದ ದಿನ ಕಳೆದುಹೋಗಿತ್ತು.

ಮಗು ಗೋಡೆ ಹಿಡಿದು ನಡೆಯೋ ಕಾಲಕ್ಕೆ ಒಂದು ದಿನ ಅವಳು ನಲ್ಲಿ ಹತ್ತಿರ ಕೇಳಿದಳು, "ಅಕ್ಕ, ಮಾಟ ಅಂದ್ರೆ?" ಬೀದಿ ಹುಡುಗರು ಆಟದಲ್ಲಿ 'ಮಾಟದ ಮೊಟ್ಟೆ, ಮಾಟದ ಮೊಟ್ಟೆ' ಅಂತ ಕೂಗಿದ್ದನ್ನು ಹಿಡಿದುಕೊಂಡಿದ್ದಳು. ನಾನು ಕೊಡದ ಬಾಯಿ ತಿಕ್ಕುತ್ತಾ ನಿಂತೆ. ಅವಳು ನನ್ನ ಮುಖವನ್ನೇ ನೋಡಿದಳು, ತನಗೆ ತಾನೇ ತಿಳಕೊಂಡಳು. ಆಮೇಲೆ ಯಾವ ಮಾತಿನ ಅರ್ಥವನ್ನೂ ಕೇಳಲಿಲ್ಲ. ಅಂಗಡಿಗೆ, ನಲ್ಲಿಗೆ ಬೇಕಾದಷ್ಟು ಕನ್ನಡ ಇಟ್ಟುಕೊಂಡಳು. ತನ್ನ ಮಾತನ್ನು ನನಗೆ ಕೊಡೋದೂ ನಿಂತಿತು. ಆ ಬಸ್ಸು ಕೆಡದಿದ್ದರೆ, ಬಾಗಿಲು ಬಾಗಿಲಿಗೆ ಹೋಗಿ ಎರಡು ಮಾತು ಹೇಳಿರುತ್ತಿದ್ದೆನಲ್ಲ ಅಂತ ಈಗಲೂ ಅನ್ನಿಸುತ್ತೆ. ಮಗು ನೆಗಡಿ ಸೈತ ಕಾಣದೆ ಗುಂಡುಗುಂಡಾಗಿ ಬೆಳೆಯಿತು. ತಾಯಿ ಮಾರಮ್ಮ ಅಷ್ಟು ಮಾಡಿದಳು, ಅದನ್ನು ಮರೆಯಬಾರದು.

ಎಂಬತ್ತರ ಮೊದಲಲ್ಲಿ ಅವರು ಕಲ್ಕತ್ತೆಗೇ ಹೊರಟರು. ಹೊರಡೋ ದಿನ ಮಡಿಲಕ್ಕಿ ಕಟ್ಟಿಕೊಂಡು ಹೋದೆ. ಸಾಮಾನೆಲ್ಲ ಕಟ್ಟಿಯಾಗಿತ್ತು, ಟೀ ಪಾತ್ರೆ ಮಾತ್ರ ಹೊರಗಿತ್ತು. ಸೆರಗೊಡ್ಡಿ ಅಕ್ಕಿ ತಗೊಂಡು, ನನಗೊಂದು ಬಟ್ಟಲು ಟೀ ಕೊಟ್ಟಳು. ಕುಡಿದು ಖಾಲಿ ಮಾಡಿ, ಅವಳ ಕಡೆಗೆ ಸರಿಸಿ ಕೂತೆ.

ಅವಳು ಬಗ್ಗಿಸಲಿಲ್ಲ. ಬಟ್ಟಲು ತಗೊಂಡು ತೊಳೆದು, ಬಟ್ಟೆ ಸುತ್ತಿ ಪೆಟ್ಟಿಗೆಗೆ ಇಟ್ಟಳು. ನಮ್ಮಲ್ಲಿ ಹಂಗೇ ತಾನೆ. ಖಾಲಿಯಾದರೆ ಸಾಕು ಅಂತ.